ಮೊದಲೇ ಕಟ್ಟಿದ ಬುತ್ತಿ

ಮಕ್ಕಳೇ, ನಾನು ಊರ ಪಂಚಾಯತಿಗೆ ಸರಪಂಚ ಆಗಿದ್ದೆನೆಂದು ನಿಮಗೆ ಗೊತ್ತು. ಆಗಿನ ನನ್ನ ಸಂಶಯಗಳು ಮಾತ್ರ ಯಾರಿಗೂ ಗೊತ್ತಿಲ್ಲ. ಎದುರಿಗೆ ಕೂತು ಹೇಳೋದು ನನಗೆ ಬರೋದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಭೂಕಂಪದಲ್ಲಿ ಕಲ್ಲಿನ ಗೋಡೆ ಬಿದ್ದು ನಿಮ್ಮ ಅಜ್ಜ ಹೋದರು. ಊರು ಹೊಸ ಜಾಗಕ್ಕೆ ಬಂತು. ಒಂದೇ ನಮೂನೆಯ ಮನೆಗಳು, ನೆಟ್ಟಗಿನ ಓಣಿಗಳು. ನಾಲ್ಕಾರು ವರ್ಷಕ್ಕೆ ಸರಪಂಚ ಕುರ್ಚಿ ಹೆಣ್ಣುಮಕ್ಕಳಿಗೆ ಮೀಸಲಾಯಿತು. ನಿಮ್ಮ ಅಜ್ಜನ ಅಣ್ಣ, ನನ್ನ ಭಾವ, ನನ್ನ ಹೆಸರು ಮುಂದೆ ಮಾಡಿದರು. ಕಟ್ಟೆಯ ಮೇಲೆ ಅವರು ಅಂದದ್ದು ಒಳಗೆ ಕೇಳಿಸಿತು.

"ನಾಲ್ಕನೇತ್ತೆ ಕಲತಾಳ, ಸಹಿ ಮಾಡ್ತಾಳ, ಬಾಯಿ ತೆಗಿಯೋದಿಲ್ಲ. ಮತ್ತೇನ್ ಬೇಕ್ರಿ?"

ಎಲ್ಲರೂ ನಕ್ಕರು. ಭಾವನ ಹೆಂಡತಿ, ನಾನು ಅಕ್ಕ ಅನ್ನುತ್ತಿದ್ದಾಕೆ, ನನ್ನ ಪಕ್ಕದಲ್ಲಿ ಹಿಟ್ಟು ಸೋಸುತ್ತಿದ್ದಳು. "ನನ್ನ ನಿಂದರಿಸಿದರ ದಿನಾ ಪಂಚಾಯತಿಯೊಳಗ ಜಗಳ ಆಗ್ತದಂತ ಗೊತ್ತದ ಅವರಿಗಿ" ಅಂದಳು. ನಾನೂ ನಕ್ಕೆ. ಅಜ್ಜ ಹೋದ ಮೇಲೆ ಒಂದು ವರ್ಷ ನನ್ನ ಪಕ್ಕದಲ್ಲೇ ಮಲಗಿದವಳು ಆಕೆ. ಅವಳ ಮೇಲೆ ನನಗೆ ಎಂದೂ ಅನುಮಾನ ಬಂದಿರಲಿಲ್ಲ.

ನಮ್ಮ ಮನೆಯಲ್ಲಿ ಭಾವ ತಮ್ಮನ ಹೆಂಡತಿಯೊಡನೆ ನೇರ ಮಾತಾಡುವ ಪದ್ಧತಿ ಇರಲಿಲ್ಲ. ಸರಪಂಚ ಆದ ಮೇಲೂ ಅಷ್ಟೇ. ಹೊಸ್ತಿಲ ಹೊರಗೆ ನಿಂತು ಗೋಡೆಗೆ ಹೇಳಿದ ಹಾಗೆ ಹೇಳುತ್ತಿದ್ದರು. "ಆಕಿಗಿ ಹೇಳು, ನಾಳಿ ನಿಲಂಗಾದಾಗ ಮೀಟಿಂಗ್ ಅದ." ಅಕ್ಕ ನನ್ನ ಕಡೆ ತಿರುಗಿ ಅದನ್ನೇ ಹೇಳುತ್ತಿದ್ದಳು.

ಹಾಗೆ ಮೊದಲ ಸಲ ಬಸ್ಸು ಹತ್ತಿ ತಾಲೂಕಿನ ಊರು ನಿಲಂಗಾಕ್ಕೆ ಹೋದೆ. ಕಚೇರಿಯಲ್ಲಿ ಕಾರಕೂನ ತಲೆ ಎತ್ತದೆ "ಆಜ ಮೀಟಿಂಗ ನಾಹಿ, ಬಾಯಿ" ಅಂದ. ಇವತ್ತು ಮೀಟಿಂಗೇ ಇಲ್ಲವಂತೆ. ಏನೋ ಹೆಚ್ಚುಕಮ್ಮಿ ಆಗಿರಬೇಕು ಅಂದುಕೊಂಡೆ. ಸಂಜೆ ಊರಿಗೆ ಬಂದರೆ ಹೊಸ ನೀರಿನ ಟಾಕಿಯ ಪೂಜೆ ಮುಗಿದಿತ್ತು. ಉಪಸರಪಂಚರ ಹೆಂಡತಿ ಕಾಯಿ ಒಡೆದಿದ್ದಳು. ಅಕ್ಕ ನನಗೆಂದು ಒಂದು ಹೋಳು ಕೊಬ್ಬರಿ ತೆಗೆದಿಟ್ಟಿದ್ದಳು.

ಅಂಗನವಾಡಿಗೆ ಪಾಯ ಹಾಕುವ ದಿನವೂ ಮೀಟಿಂಗ್ ಬಂತು. ಈ ಸಲ ಕಾರಕೂನ ನನ್ನ ಮುಖ ನೋಡಿ ನಕ್ಕು, ನಮ್ಮ ಮಾತಿನಲ್ಲೇ ಕೇಳಿದ. "ನಮ್ಮ ಕಚೇರಿ ಭಾಳ ಮನಸಿಗಿ ಬಂದದೇನ್ರಿ ಬಾಯಿ?"

ವಾಪಸು ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿ ಲೆಕ್ಕ ಹಾಕಿದೆ. ಊರಲ್ಲಿ ಒಳ್ಳೆಯ ಕೆಲಸ ಶುರುವಾಗುವ ದಿನವೇ ನಾನು ಊರಲ್ಲಿ ಇರೋದಿಲ್ಲ. ಕಾರಣ ಹೊಳೆಯಲು ತಡವಾಗಲಿಲ್ಲ. ನನ್ನ ಹಣೆ ಬರಿದು. ಗಂಡ ಇಲ್ಲದಾಕೆಯ ಕೈ ಮೊದಲು ತಾಗಬಾರದು. ಆದರೆ ಮಾಡುತ್ತಿರುವವರು ಯಾರು? ಭಾವನೋ, ಪಂಚಾಯತಿಯ ಕಾಗದಪತ್ರ ನೋಡುವ ಗ್ರಾಮಸೇವಕನೋ, ಉಪಸರಪಂಚನೋ? ಆಮೇಲಿಂದ ಯಾರಾದರೂ "ನಮಸ್ಕಾರ್ರಿ ಸರಪಂಚಬಾಯಿ" ಅಂದರೂ, ಇವನಿಗೆ ಏನು ಗೊತ್ತಿದೆ ಎಂದು ಮುಖ ನೋಡುತ್ತಿದ್ದೆ.

ಆಗಸ್ಟ್ ಹದಿನೈದು ಹತ್ತಿರ ಬಂತು. ಪಂಚಾಯತಿಯ ಮುಂದೆ ಸರಪಂಚರೇ ಝೆಂಡಾ ಹಾರಿಸಬೇಕು. ಸಾಲಿಯ ಹೆಡ್‌ಮಾಸ್ತರರು ಮನೆಗೆ ಬಂದು "ಬಾಯಿ, ಬರೋಬ್ಬರ ಎಂಟಕ್ಕ ಬರ್ರಿ" ಅಂದು ಹೋದರು. ಖರೆ ಹೇಳುತ್ತೇನೆ, ಆ ಹಗ್ಗ ನಾನೇ ಎಳೆಯಬೇಕೆಂದು ನನಗೆ ಬಹಳ ಆಸೆ ಆಯಿತು. ಕುರ್ಚಿಯ ಆಸೆ ಇರಲಿಲ್ಲ, ಇದು ಇತ್ತು. ಇದೂ ತಪ್ಪಿದರೆ ನಾನು ಸಹಿಯ ಕೈ ಮಾತ್ರ ಎಂದು ಅನಿಸಿತು.

ಹದಿನಾಲ್ಕರ ಮಧ್ಯಾಹ್ನ ಅಕ್ಕ ಜೋಳದ ರೊಟ್ಟಿ ಬಡಿದು, ಶೇಂಗಾ ಹಿಂಡಿ ಇಟ್ಟು, ಬಟ್ಟೆಯಲ್ಲಿ ಬುತ್ತಿ ಕಟ್ಟುತ್ತಿದ್ದಳು.

"ಯಾರು ಊರಿಗಿ ಹೊಂಟಾರ ಅಕ್ಕಾ?"

"ಯಾರಿಲ್ಲವಾ. ಸುಮ್ಮ."

ದೀಪ ಹಚ್ಚುವ ಹೊತ್ತಿಗೆ ಭಾವ ಹೊಸ್ತಿಲಿಗೆ ಬಂದರು. "ಆಕಿಗಿ ಹೇಳು. ನಾಳಿ ತಹಸೀಲದಾಗ ಝೆಂಡಾವಂದನ ಅದ. ಹೆಣ್ಣಮಕ್ಕಳ ಸರಪಂಚರೆಲ್ಲ ನಿಲಂಗಾಕ್ಕ ಬರಬೇಕಂತ."

ನಾನು ಭಾವನ ಕಡೆ ನೋಡಲಿಲ್ಲ. ಬುತ್ತಿ ನೋಡಿದೆ. ಹಿಂದಿನ ಎರಡು ಸಲವೂ ಸುದ್ದಿ ಬರುವ ಮೊದಲೇ ಬುತ್ತಿ ತಯಾರಿತ್ತು. ಆಗ ಅದನ್ನು ಪ್ರೀತಿ ಅಂದುಕೊಂಡಿದ್ದೆ.

ಭಾವ ಹೋದ ಮೇಲೆ ಕೇಳಿದೆ. "ಅಕ್ಕಾ, ನಾ ಹೋಗೋದು ನಿನಗ ಮಧ್ಯಾಹ್ನನೇ ಹೆಂಗ ಗೊತ್ತಾಯ್ತು?"

ಅವಳು ಸುಳ್ಳು ಹೇಳಲಿಲ್ಲ. "ನಾನೇ ಅಂದೀನಿ ಅವರಿಗಿ, ಎಲ್ಲಿಗರ ಕಳಸ್ರಿ ಅಂತ. ಟಾಕಿ ಪೂಜಿ ಮುಂದ ಒಬ್ಬಾಕಿ ಅಂದಳು, ಇಂಥಾಕಿ ಕೈ ಹಚ್ಚಿದರ ಟಾಕಿ ಬಿರೀತದಂತ. ನಿನ್ನ ಮಾರಿ ಮುಂದ ಅಂದಿದ್ದರ ತಡಕೊಂತಿದ್ದೇನ್ ನೀ?"

"ನೀ ಏನಂದಿ ಆಕಿಗಿ?"

ಅಕ್ಕ ಬುತ್ತಿಯ ಗಂಟು ಬಿಚ್ಚಿ ಮತ್ತೆ ಕಟ್ಟಿದಳು. ಆ 'ಒಬ್ಬಾಕಿ' ಇವಳೇ ಇರಬಹುದೇ ಎಂಬ ವಿಚಾರ ಆಗಲೇ ನನ್ನ ತಲೆಗೆ ಹೊಕ್ಕದ್ದು. ಇನ್ನೂ ಹೊರಗೆ ಹೋಗಿಲ್ಲ.

ಬೆಳಿಗ್ಗೆ ಸಣ್ಣ ಮಳೆ. ಬುತ್ತಿ ಅಲ್ಲೇ ಬಿಟ್ಟು, ಬಸ್ಸು ಹೊರಟ ಸಪ್ಪಳ ಕೇಳಿದ ಮೇಲೆ ಪಂಚಾಯತಿಗೆ ನಡೆದೆ. ಉಪಸರಪಂಚರು ಇಸ್ತ್ರಿ ಹಾಕಿದ ಟೊಪ್ಪಿಗೆ ಇಟ್ಟುಕೊಂಡು ಕಂಬದ ಹತ್ತಿರ ತಯಾರಾಗಿ ನಿಂತಿದ್ದರು. ಭಾವ ನನ್ನನ್ನು ಕಂಡು ಪದ್ಧತಿ ಮರೆತರು. ಮದುವೆಯಾಗಿ ಬಂದ ಮೇಲೆ ಮೊದಲ ಸಲ ನೇರ ನನಗೇ ಕೇಳಿದರು.

"ಬಸ್ಸು ತಪ್ಪಿತೇನು?"

"ಹತ್ತಲಿಲ್ರಿ" ಅಂದೆ.

ಹೆಡ್‌ಮಾಸ್ತರರು ಏನೂ ಅರಿಯದವರಂತೆ ಹಗ್ಗ ತಂದು ನನ್ನ ಕೈಗೆ ಕೊಟ್ಟರು. ಎಳೆದೆ. ಬರಲಿಲ್ಲ. ಹೆಂಗಸರ ಸಾಲಿನಲ್ಲಿ ಗುಸುಗುಸು ಎದ್ದಿತು. ಝೆಂಡಾದ ಗಂಟು ಯಾರು ಹಾಕಿದರು, ಬೇಕಂತಲೇ ಬಿಗಿ ಮಾಡಿದರೇ ಎಂದು ಮೇಲೆ ನೋಡಿದೆ. ಹಸಿ ಹಗ್ಗವನ್ನು ಎರಡೂ ಕೈಯಿಂದ ಜಗ್ಗಿದೆ. ಝೆಂಡಾ ಬಿಚ್ಚಿಕೊಂಡಿತು. ಮಾಸ್ತರರು ಅದರೊಳಗೆ ಮಡಚಿಟ್ಟಿದ್ದ ಚೆಂಡು ಹೂವಿನ ಎಸಳೆಲ್ಲ ನನ್ನ ತಲೆಯ ಮೇಲೆ ಬಿದ್ದವು.

ಅಷ್ಟರಲ್ಲಿ ಮಕ್ಕಳು ರಾಷ್ಟ್ರಗೀತೆ ಶುರು ಮಾಡಿದರು. ಯಾರೂ ಅಲ್ಲಾಡುವ ಹಾಗಿಲ್ಲ. ಅಜ್ಜ ಹೋದಂದಿನಿಂದ ಹೂ ಮುಟ್ಟದ ಕೂದಲಲ್ಲಿ ಹೂ ಇಟ್ಟುಕೊಂಡು, ಇಡೀ ಊರಿನ ಎದುರು ಕೈ ಇಳಿಬಿಟ್ಟು ನಿಂತಿದ್ದೆ.

ಹಾಡು ಮುಗಿದ ತಕ್ಷಣ ಅಕ್ಕ ಹೆಂಗಸರ ಸಾಲು ಬಿಟ್ಟು ಬಂದಳು. ನನ್ನ ತಲೆಯಿಂದ ಒಂದೊಂದೇ ಎಸಳು ಲಗುಲಗು ಆರಿಸತೊಡಗಿದಳು. ಮಾಯೆ-ಮಮತೆಯಿಂದಲೋ, ಮಂದಿ ನೋಡುತ್ತಾರೆಂಬ ಅಂಜಿಕೆಯಿಂದಲೋ, ಅವಳ ಬೆರಳಿನಿಂದ ನನಗೆ ತಿಳಿಯಲಿಲ್ಲ. ಅವಳ ಮಣಿಕಟ್ಟು ಹಿಡಿದೆ.

"ಇರಲಿ ಅಕ್ಕಾ. ಬಿಡು."