ಗಂಟು ಕಟ್ಟಿದ ಚೀಲಗಳು

ಇವತ್ತು ಬೆಳಿಗ್ಗೆ ಲ್ಯಾಬಿನ ಪರದೆಯ ಮೇಲೆ ಎಲ್‌ಸಿ3 ಪ್ರೋಟೀನಿನ ಪಟ್ಟೆ ಕಪ್ಪಗೆ, ದಪ್ಪಗೆ ಮೂಡಿತು. ಜೊತೆಗಿದ್ದ ಜೂನಿಯರ್ ಹುಡುಗಿ, "ಸೂಪರ್ ಅಕ್ಕಾ! ಸೆಲ್ ಒಳಗೆ ಕ್ಲೀನಿಂಗ್ ಜೋರು!" ಎಂದು ಚಪ್ಪಾಳೆ ತಟ್ಟಿದಳು. ನನಗೆ ಮಾತ್ರ ಇದೇ ಮದ್ರಾಸಿನ ಕೋಡಂಬಾಕ್ಕಂನ ಒಂದು ಬಾಗಿಲು ನೆನಪಾಯಿತು.

ಎಲ್‌ಸಿ3ಯ ಪರಿಚಯ ನಿಮಗೆ ಇರಲಿಕ್ಕಿಲ್ಲ, ಇರಲೇಬೇಕೆಂದೂ ಇಲ್ಲ. ನಮ್ಮ ಜೀವಕೋಶಗಳು ತಮ್ಮೊಳಗಿನ ಹಳೆಯ, ಮುರಿದ ಸಾಮಾನನ್ನು ಪುಟ್ಟ ಚೀಲಗಳಲ್ಲಿ ತುಂಬಿ, ಕರಗಿಸುವ ಜಾಗಕ್ಕೆ ಸಾಗಿಸುತ್ತವೆ. ಚೀಲದ ಮೈಗೆ ಅಂಟಿಕೊಳ್ಳುವುದು ಎಲ್‌ಸಿ3. ಕಸವನ್ನು ಚೀಲಕ್ಕೆ ಸಿಕ್ಕಿಸಿ, ಕೊನೆಗೆ ಅದರೊಂದಿಗೆ ತಾನೂ ಕರಗಿಹೋಗುವುದು ಪಿ62. ಇದನ್ನೆಲ್ಲ ಒಮ್ಮೆ ನನ್ನ ಸೋದರತ್ತೆಗೆ ದೀರ್ಘವಾಗಿ ವಿವರಿಸಿದ್ದೆ.

"ಅಂದ್ರೆ ಒಳಗೂ ಕುಪ್ಪೆವಂಡಿ ಬರ್ತದೆ ಅನ್ನು" ಎಂದರು. ಇಲ್ಲಿ ಕಸದ ಗಾಡಿಗೆ ಹಾಗೇ ಹೇಳುವುದು. ಅತ್ತೆಯ ಉಡುಪಿ ಕನ್ನಡದಲ್ಲಿ ಮದ್ರಾಸು ಅಷ್ಟು ಬೆರೆತುಹೋಗಿದೆ. ಅಷ್ಟು ಚಿಕ್ಕದಾಗಿ ಹೇಳುವುದು ನನಗಿನ್ನೂ ಬಂದಿಲ್ಲ.

ಮಾವ ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಕೂರುತ್ತಿದ್ದವರು. ಹೋದ ವರ್ಷ ಅವರು ತೀರಿಕೊಂಡ ಮೇಲೆ, ಅವರ ಸಾಮಾನು ಖಾಲಿ ಮಾಡುತ್ತೇನೆಂದು ಅತ್ತೆ ಹೊರಟರು. ಭಾನುವಾರ ನಾನು ಫೋನು ಮಾಡುತ್ತಿದ್ದೆ.

"ಏನು ಕಟ್ಟಿದ್ರಿ ಅತ್ತೆ?"

"ಅವರ ಅಂಗಿ ಎಲ್ಲ ಚೀಲಕ್ಕೆ ತುಂಬಿಸಿ ಕಟ್ಟಿದೆ ಮಾರಾಯ್ತಿ."

ಮುಂದಿನ ವಾರ ಪಂಚೆ, ಆಮೇಲೆ ಕೊಡೆ, ರೇಡಿಯೋ. ಚೇತರಿಸಿಕೊಳ್ಳುತ್ತಿದ್ದಾಳೆ ಎಂದು ಅಪ್ಪನಿಗೆ ಸಮಾಧಾನ; ನನಗೂ. ನಮ್ಮದು ಹೆಚ್ಚು ಪ್ರಶ್ನೆ ಕೇಳದ ಮನೆತನ. ಅತ್ತೆ ನನಗೆ ಸಿಗುತ್ತಿದ್ದುದೂ ಮನೆಯಲ್ಲಲ್ಲ, ಅಡ್ಯಾರಿನ ಹೋಟೆಲಿನಲ್ಲಿ, ದೋಸೆಯ ಮುಂದೆ. ಕಾಲು ಊದಿದ್ದು ಕಂಡಿತ್ತು. "ವಯಸ್ಸಲ್ವನಾ" ಎಂದಿದ್ದರು.

ಒಂದು ದಿನ ಫೋನು ಎತ್ತಲಿಲ್ಲ. ಕೋಡಂಬಾಕ್ಕಂನ ಅವರ ಮನೆಗೆ ಹೋದೆ. ಬಾಗಿಲು ಅರ್ಧ ಮಾತ್ರ ತೆರೆಯಿತು. ಒಳಗೆ ಗೋಡೆಯಿಂದ ಗೋಡೆಗೆ ಚೀಲಗಳು, ಒಂದೊಂದಕ್ಕೂ ಅಚ್ಚುಕಟ್ಟಾದ ಗಂಟು. ಮಂಚದ ಮೇಲೆ ಚೀಲ, ಒಲೆಯ ಕಟ್ಟೆಯ ಮೇಲೆ ಚೀಲ. ಮೂಗಿಗೆ ಹೊಡೆಯುವ ನುಸಿಗುಳಿಗೆ ವಾಸನೆ. ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಊದಿದ ಕಾಲು ಇಳಿಬಿಟ್ಟು, ಅತ್ತೆ.

"ನೀವು ಮಲಗೋದೆಲ್ಲಿ?"

"ಇಲ್ಲೇ. ಕೂತಲ್ಲೇ ನಿದ್ದೆ ಬರ್ತದೆ."

"ಕುಪ್ಪೆವಂಡಿ ಬರೋದಿಲ್ವಾ?"

"ಬರ್ತದೆ. ಶಬ್ದ ಕೇಳ್ತದೆ. ನಾನು ಬಾಗಿಲು ತೆಗೆಯೋದಿಲ್ಲ."

ಹತ್ತಿರದ ಚೀಲಕ್ಕೆ ಕೈ ಹಾಕಿದೆ. "ಮುಟ್ಟಬೇಡ!" ಎಂದರು. ಅತ್ತೆಯಿಂದ ಆ ದನಿ ನಾನೆಂದೂ ಕೇಳಿರಲಿಲ್ಲ. ಕೈ ಹಿಂದೆಗೆದೆ.

ನಮ್ಮ ಲ್ಯಾಬಿಗೆ ಬರುವ ಹೊಸಬರಿಗೆ ಮೊದಲ ಪಾಠವೇ ಇದು: ಪಟ್ಟೆ ದಪ್ಪಗಾಯಿತು, ಎಲ್‌ಸಿ3 ಹೆಚ್ಚಿತೆಂದು ಹಿಗ್ಗಬೇಡಿ. ಕೋಶ ಚೀಲಗಳನ್ನು ಹೆಚ್ಚು ಕಟ್ಟುತ್ತಿರಬಹುದು. ಅಥವಾ ಕಟ್ಟಿದ ಚೀಲಗಳು ಎಲ್ಲಿಗೂ ಹೋಗದೆ ಉಳಿದಿರಬಹುದು. ಕರಗಬೇಕಾದ ಪಿ62 ಕೂಡ ರಾಶಿ ಬಿದ್ದಿದ್ದರೆ, ಮುಂದೆಲ್ಲೋ ದಾರಿ ಮುಚ್ಚಿದೆಯೇ ಎಂದು ನೋಡಿ. ಈ ಪಾಠ ಹೇಳುವವಳು ನಾನೇ. ವಾರವಾರವೂ ಅತ್ತೆಯ ಚೀಲಗಳ ಸುದ್ದಿ ಕೇಳಿ ಹಿಗ್ಗಿದವಳೂ ನಾನೇ.

"ಪಿ62 ನೋಡದೆ ಏನೂ ಹೇಳಬೇಡ" ಎಂದೆ ಇವತ್ತು. ದನಿ ಎಷ್ಟು ಗಡುಸಾಗಿತ್ತೆಂದರೆ ಹುಡುಗಿ ಬೆಚ್ಚಿದಳು.

ಸಂಜೆ ಅತ್ತೆಗೆ ಫೋನು ಮಾಡಿದೆ. ಏನು ಕಟ್ಟಿದ್ರಿ ಎಂದು ಈಗ ಕೇಳುವುದಿಲ್ಲ.

"ಕುಪ್ಪೆವಂಡಿ ಬಂತಾ?"

"ಬಂತು. ಎರಡು ಚೀಲ ಕೊಟ್ಟೆ, ಒಂದು ವಾಪಸ್ ಇಸ್ಕೊಂಡೆ. ವಂಡಿಯವ ನಗಾಡಿದ."

"ಮಂಚ?"



"ಅರ್ಧ ಖಾಲಿ ಆಯ್ತು ಮಾರಾಯ್ತಿ. ನಿನ್ನೆ ಕಾಲು ಚಾಚಿದೆ."