ಕುಳ್ಳಯ್ಯನ ಎದೆಮಟ್ಟ

ಹೆತ್ತವರು ಕುಳ್ಳಯ್ಯ ಎಂದು ಹೆಸರಿಟ್ಟರು; ದೇವರು ಅದನ್ನು ಕೇಳಿಸಿಕೊಳ್ಳದೆ ಆಳನ್ನು ಬೆಳೆಸಿಬಿಟ್ಟ. ನಮ್ಮೂರ ಕುಳ್ಳಯ್ಯ ನಿಂತಲ್ಲಿಂದಲೇ ಎಳನೀರು ಕೀಳುತ್ತಿದ್ದ. ನಾಗಮಂಗಲದ ಬಸ್ಸಿನಲ್ಲಿ ಸೊಂಟದಿಂದ ಕೆಳಗೆ ಒಳಗಿದ್ದರೆ ಸೊಂಟದಿಂದ ಮೇಲೆ ಟಾಪಿನಲ್ಲಿರುತ್ತಿದ್ದ, ಹಾಗಾಗಿ ಕಂಡಕ್ಟರು ಎರಡು ಟಿಕೆಟ್ ಹರಿಯುತ್ತಿದ್ದ. ಮಳೆ ಬರುತ್ತದೋ ಇಲ್ಲವೋ ತಿಳಿಯಲು ನಾವು ಮೋಡ ನೋಡುತ್ತಿರಲಿಲ್ಲ, ಅವನ ತಲೆಗೂದಲು ಒದ್ದೆಯಾಗಿದೆಯೇ ಎಂದು ಕೇಳುತ್ತಿದ್ದೆವು. ಇದರಲ್ಲಿ ಎಷ್ಟು ಸುಳ್ಳಿದೆಯೋ ಅಷ್ಟನ್ನು ಸೋಸಿಕೊಳ್ಳಿ. ಕತೆಯ ಕೊನೆಯನ್ನು ಮಾತ್ರ ಸೋಸಬೇಡಿ.

ಅರಕೆರೆ ಕಡೆಯವರಿಗೆ ನಾಲೆಯಿದೆ. ತೊಣ್ಣೂರಿನವರಿಗೆ ಸಮುದ್ರದ ತಮ್ಮನಂಥ ಕೆರೆಯಿದೆ. ನಮ್ಮದು ಮಳೆ ಬಂದರೆ ಕೆರೆ, ಬಾರದಿದ್ದರೆ ದನ ಮೇಯುವ ಬಯಲು. ಆ ನೀರಿಗಾಗಿ ಹಿಂದೊಮ್ಮೆ ಮೇಲಿನ ಗದ್ದೆಯವರಿಗೂ ಕೊನೆಯ ಗದ್ದೆಯವರಿಗೂ ಹೊಡೆದಾಟವಾಗಿ, ಆ ವರ್ಷ ಅಚ್ಚುಕಟ್ಟಿನಲ್ಲಿ ಭತ್ತಕ್ಕಿಂತ ಹಲ್ಲೇ ಹೆಚ್ಚು ಉದುರಿದವು. ಕಡೆಗೆ ಹಿರಿಯರು ಏರಿಯ ಮೇಲೆ ಕೂತು ಕರಾರು ಮಾಡಿದರು. ನೀರಿನ ಮಟ್ಟಕ್ಕೊಂದು ಗುರುತು ಬೇಕಲ್ಲ? ಕಲ್ಲಿಗೆ ಗೆರೆ ಹಾಕಿದರೆ ಯಾರಾದರೂ ಕದ್ದು ಬಂದು ಇನ್ನೊಂದು ಗೆರೆ ಕೊರೆಯಬಹುದು. ಕುಳ್ಳಯ್ಯನ ಎದೆಯನ್ನು ಯಾರು ಕೊರೆಯುತ್ತಾರೆ?

ಆಗ ಅವನಿಗೆ ಮದುವೆಯಾದ ಹೊಸತು. ಕೆರೆ ತುಂಬಿ ಕೋಡಿ ಹರಿಯುತ್ತಿದ್ದ ದಿನ ತೂಬಿನ ಕಂಬದ ಪಕ್ಕ, ನೀರಿನೊಳಗಿದ್ದ ಚಪ್ಪಡಿಯ ಮೇಲೆ ಅವನನ್ನು ನಿಲ್ಲಿಸಿದರು. ನೀರು ಎದೆಗೆ ಬಂತು. ಅಲ್ಲಿಗೆ ತೀರ್ಮಾನವಾಯಿತು: ನೀರು ಕುಳ್ಳಯ್ಯನ ಎದೆ ಮುಟ್ಟಿದರೆ ಎಲ್ಲರಿಗೂ ಭತ್ತ, ಸೊಂಟಕ್ಕೆ ನಿಂತರೆ ಮೇಲಿನ ಗದ್ದೆಗೆ ಮಾತ್ರ, ಮೊಣಕಾಲಿಗಾದರೆ ಕೆರೆಯನ್ನು ದನಗಳಿಗೆ ಬಿಟ್ಟು ಮನುಷ್ಯರು ತೆಪ್ಪಗಿರಬೇಕು.

ಕುಳ್ಳಯ್ಯನ ಗದ್ದೆಯೋ, ಕೊನೆಯದರಲ್ಲೂ ಕೊನೆ. ಅದರಾಚೆ ಬೇರೆಯವರ ತೋಟದ ಬೇಲಿ. ಅಳತೆಗೋಲೇ ಕಳ್ಳನಾಗಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿರಲಿಲ್ಲ. ಆದರೂ ಪ್ರತಿ ಮಳೆಗಾಲ ಊರೆಲ್ಲ ನೋಡುತ್ತಿರಲು ಅವನು ನೀರಿಗಿಳಿದು, ನೆಟ್ಟ ಗೂಟದಂತೆ ನಿಲ್ಲುತ್ತಿದ್ದ. ಅವನ ಹೆಂಡತಿ ದ್ಯಾವಮ್ಮ ಏರಿಯ ಮೇಲಿಂದ ಮೆಲ್ಲಗೆ ಹೇಳುತ್ತಿದ್ದಳು:

"ವಸಿ ಮಂಡಿ ಬಗ್ಸು. ನಿನ್ ಗಂಟೇನ್ ಓಯ್ತದೆ? ಸ್ವಂತ ಗದ್ದೆ ಅನ್ನ ಉಂಡು ಎಷ್ಟ್ ವರ್ಸ ಆಯ್ತು, ಗ್ಯಾನ ಅದಾ?"

"ಇವ್ರ ಕಣ್ಣಿಗೆ ಮಣ್ಣೆರಚ್ಬೋದು ಕಣಮ್ಮಿ. ಕೆರೆ ನನ್ ಕಾಲ್ ಇಡ್ಕಂಡದೆ, ಅದುಕ್ಕೆ ಗೊತ್ತಾಗ್ಬುಡ್ತದೆ."

"ಗೊತ್ತಾದ್ರೇನು, ಅದೇನ್ ಪಂಚಾಯ್ತಿಗೆ ಓಗಿ ಏಳ್ತದಾ?" ಎಂದು ದ್ಯಾವಮ್ಮ ರಾಗಿ ಬೀಸಲು ಹೊರಟುಹೋಗುತ್ತಿದ್ದಳು.

ಹಿಂದೆ ಬೇಸಿಗೆ ಬಂದರೆ ಮನೆಗೊಂದು ಗಾಡಿಯಂತೆ ಊರು ಕೆರೆಗಿಳಿದು ತಳದಲ್ಲಿ ಕೂತ ಗೋಡು ಮಣ್ಣು ಹೊತ್ತು ಹೊಲಕ್ಕೆ ಹಾಕುತ್ತಿತ್ತು. ಗೊಬ್ಬರದ ಮೂಟೆ ಅಂಗಡಿಗೆ ಬಂದ ಮೇಲೆ ಗೋಡು ಯಾರಿಗೆ ಬೇಕು? ಮೇಲಿನ ಗುಡ್ಡವನ್ನು ಬೋಳಿಸಿದರು. ಮಳೆಗೂ ಬುದ್ಧಿ ಕೆಟ್ಟಿತು. ತಿಂಗಳುಗಟ್ಟಲೆ ಜಿನುಗುತ್ತಿದ್ದದ್ದು ಈಗ ವರ್ಷದ ಕೋಪವನ್ನೆಲ್ಲ ಒಂದೇ ಮಧ್ಯಾಹ್ನ ಸುರಿದು, ಅರ್ಧ ಗುಡ್ಡವನ್ನು ಕೆರೆಗೆ ತಂದು ಹಾಕಿ, ಮತ್ತೆ ಮುಂದಿನ ವರ್ಷದವರೆಗೆ ಪತ್ತೆಯಿರುತ್ತಿರಲಿಲ್ಲ. ಕುಳ್ಳಯ್ಯ ಮಾತ್ರ ಅದೇ ಜಾಗದಲ್ಲಿ, ಅದೇ ಕಂಬದ ಪಕ್ಕ ನಿಲ್ಲುತ್ತಿದ್ದ. ಮೊದಲು ಸೊಂಟ ಮುಟ್ಟುತ್ತಿದ್ದ ಮಳೆಗೆ ನೀರು ತೊಡೆಗೆ ನಿಂತಿತು. ಆಮೇಲೆ ಮೊಣಕಾಲಿಗೆ.

"ಕುಳ್ಳ ಇನ್ನೂ ಬೆಳೀತಾವ್ನೆ ಕಣ್ರಲಾ!" ಎಂದ ಲಿಂಗಣ್ಣ. ಮೇಲಿನ ಗದ್ದೆಯವನು, ಕೆರೆ ಸಂಘದ ಯಜಮಾನ. ಊರೆಲ್ಲ ನಕ್ಕಿತು. ಅರವತ್ತು ದಾಟಿದ ಮೇಲೂ ಬೆಳೆಯುವ ಗಂಡಸು ಮಂಡ್ಯ ಜಿಲ್ಲೆಯಲ್ಲೇ ಇಲ್ಲ, ಅವನಿಗೆ ಇನ್ನೊಂದು ಮದುವೆ ಮಾಡಬೇಕು ಎಂದು ದ್ಯಾವಮ್ಮನ ಎದುರಿಗೇ ಆಡಿಕೊಂಡರು. ಅವಳೂ ನಕ್ಕಳು.

"ಅದೇನೋ ಕಣಣ್ಣ, ಈಚೀಚೆಗೆ ಕಾಲ್ ಕೆಳಗೆ ಮೆತ್ತಗಾಯ್ತದೆ," ಎಂದ ಕುಳ್ಳಯ್ಯ.

"ವಯಸ್ಸಾಯ್ತಲ್ಲ, ಎಲ್ಲಾ ಮೆತ್ತಗಾಯ್ತದೆ ಬುಡು," ಎಂದ ಲಿಂಗಣ್ಣ. ಮತ್ತೆ ನಗು. ಚಪ್ಪಡಿಯ ನೆನಪು ಒಬ್ಬರಿಗೂ ಬರಲಿಲ್ಲ. ಕುಳ್ಳಯ್ಯನಿಗೂ ಬರಲಿಲ್ಲ.

ಮೊನ್ನೆ ಮೊನ್ನೆಯ ಮಾತು. ಬಹಳ ವರ್ಷಗಳ ಮೇಲೆ ಕೆರೆ ತುಂಬಿ ಕೋಡಿ ಬಿತ್ತು. ಊರು ಕುಣಿಯಿತು. ಕುಳ್ಳಯ್ಯ ನೀರಿಗಿಳಿದು ನಿಂತ. ನೀರು ಸೊಂಟದಲ್ಲೇ ನಿಂತಿತು.

ಏರಿಯ ಮೇಲೆ ಗದ್ದಲವೆದ್ದಿತು. ಎದೆ ಮುಟ್ಟುವ ಮೊದಲೇ ಕೋಡಿಯಲ್ಲಿ ನೀರು ಪೋಲಾಗುತ್ತಿದೆ ಎಂದರೆ ಕೋಡಿಯ ಕಲ್ಲೇ ಸವೆದಿರಬೇಕು ಎಂದರು ಕೊನೆಯ ಗದ್ದೆಯವರು. ಲಿಂಗಣ್ಣ ಕೈ ಎತ್ತಿದ:

"ಕರಾರು ಕರಾರೇ. ಎದೆಗ್ ಬರ್ನಿಲ್ಲ, ಕೊನೆ ಗದ್ದೆಗೆ ಭತ್ತ ಇಲ್ಲ."

ದ್ಯಾವಮ್ಮ ಈ ಸಲ ಮೆಲ್ಲಗೆ ಹೇಳಲಿಲ್ಲ. "ಬಗ್ಸೋ ಮಂಡೀನ! ಎಲ್ರೂ ಕಣ್ ಮುಚ್ಕತಾರೆ!" ಎಂದು ಕೂಗಿದಳು. ಜನ ನಕ್ಕರು. ಕುಳ್ಳಯ್ಯ ಹೆಂಡತಿಯ ಮುಖ ನೋಡಿದ, ನೀರು ನೋಡಿದ, ಇನ್ನಷ್ಟು ನೆಟ್ಟಗಾದ.

ಟ್ರಾಕ್ಟರು ಇಟ್ಟಿದ್ದ ತಿಮ್ಮೇಶ ಉಪಾಯ ಹೇಳಿದ. "ಬಗ್ದೇ ಇದ್ರೆ ಬುಡಿ. ನೀರ್ನೇ ಏರ್ಸವ. ಕೋಡಿಗೆ ಮಳ್ಳು ಮೂಟೆ ಒಟ್ಬುಡವ."

ಇದಕ್ಕೆ ಲಿಂಗಣ್ಣನೂ ಬೇಡವೆನ್ನಲಿಲ್ಲ. ನೀರು ಹೆಚ್ಚಾದರೆ ಯಾರಿಗೆ ಬೇಡ? ಒಂದೇ ದಿನದಲ್ಲಿ ಕೋಡಿಯುದ್ದಕ್ಕೂ ಮರಳು ಮೂಟೆ ಕೂತವು. ಮುಂದಿನ ಮಳೆಗೆ ಕುಳ್ಳಯ್ಯ ಮತ್ತೆ ಇಳಿದು ನಿಂತ. ನೀರು ಹೊಟ್ಟೆ ದಾಟಿ ಎದೆ ಮುಟ್ಟಿತು. ಅವನು ಎರಡೂ ಕೈ ಮೇಲೆತ್ತಿ ತೋರಿಸಿದಾಗ ಎದ್ದ ಕೇಕೆಗೆ ಕೆ.ಆರ್.ಪೇಟೆ ಸಂತೆಯಲ್ಲಿ ದನಗಳು ಹಗ್ಗ ಕಿತ್ತವಂತೆ. ದ್ಯಾವಮ್ಮ ಅಂದೇ ಬಿತ್ತನೆ ಭತ್ತ ನೆನೆಹಾಕಿದಳು. ಕೊನೆಯ ಗದ್ದೆಯಲ್ಲಿ ಸಸಿಗೆ ಒಟ್ಲು ಹಾಕಿ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹೋಗಿ ಪೈರನ್ನು ಮಕ್ಕಳಂತೆ ಮಾತಾಡಿಸಿ ಬರುತ್ತಿದ್ದಳು. ಪೈರು ಬೆರಳುದ್ದ ಬಂದಿತ್ತು.

ಆಗ ಆ ಮಳೆ ಬಂತು. ಅದರ ಬಗ್ಗೆ ಉತ್ಪ್ರೇಕ್ಷೆ ಮಾಡಲು ನನಗೆ ಮಾತು ಸಿಗುತ್ತಿಲ್ಲ; ಇದ್ದದ್ದೇ ಅಷ್ಟಿತ್ತು. ಬೆಳಗಾದಾಗ ಕೆರೆ ಏರಿಯ ನೆತ್ತಿಗೆ ಬಂದಿತ್ತು. ಕುಳ್ಳಯ್ಯ, ತಿಮ್ಮೇಶ ಇನ್ನೂ ಕೆಲವರು ಕೋಡಿಗೆ ಓಡಿ ಮೂಟೆ ಎಳೆಯತೊಡಗಿದರು. ನೆನೆದ ಮೂಟೆಗಳು ಹೆಣಭಾರ. ಅಷ್ಟರಲ್ಲಿ ತೂಬಿನಾಚೆ ಏರಿ ಜಾರಿತು. ಸದ್ದು ದೊಡ್ಡದೇನಲ್ಲ, ಮುದುಕನೊಬ್ಬ ಉಸ್ಸೆಂದು ಕೂತಂತೆ.

"ದ್ಯಾವೀ!" ಎಂದು ಕುಳ್ಳಯ್ಯ ಕೂಗಿದ್ದು ಆಗಲೇ. ಪೈರು ಮಳೆಯಲ್ಲಿ ಮುಳುಗದಿರಲಿ, ಒಟ್ಲಿನ ಬದು ಕಡಿದು ನೀರು ಬಿಟ್ಟು ಬರುತ್ತೇನೆಂದು ಅವಳು ಗುದ್ದಲಿ ಹಿಡಿದು ಹೋಗಿದ್ದಳು. ಇಡೀ ಅಚ್ಚುಕಟ್ಟಿನ ಇಳಿಜಾರು ಮುಗಿಯುವುದು ಅಲ್ಲೇ. ಕೆರೆ ತನ್ನನ್ನು ಪೂರ್ತಿ ಖಾಲಿ ಮಾಡಿಕೊಂಡದ್ದೂ ಅಲ್ಲೇ. ಅವಳು ಮಧ್ಯಾಹ್ನ ತೋಟದ ಬೇಲಿಯಲ್ಲಿ ಸಿಕ್ಕಳು. ಗುದ್ದಲಿ ಸಿಗಲಿಲ್ಲ.

ತಿಥಿ ಮುಗಿದ ಮಾರನೆಯ ದಿನ ಕುಳ್ಳಯ್ಯ ಹಾರೆ ಹೊತ್ತು ಬರಿದಾದ ಕೆರೆಗಿಳಿದ. ಏನು ಮಾಡಿಕೊಳ್ಳುತ್ತಾನೋ ಎಂಬ ದಿಗಿಲಿಗೆ ಲಿಂಗಣ್ಣ, ತಿಮ್ಮೇಶ ಹಿಂದೆಯೇ ಹೋದರು. ಅವನು ತೂಬಿನ ಕಂಬದ ಪಕ್ಕ, ತಾನು ಜೀವಮಾನವೆಲ್ಲ ನಿಂತ ಜಾಗವನ್ನು ಅಗೆಯುತ್ತಿದ್ದ. ಗೋಡು ಬೆಣ್ಣೆಯಂತೆ ಬಂತು. ಅಗೆದ, ಕೈಯಿಂದ ತೋಡಿ ಹಾಕಿದ, ಮತ್ತೆ ಅಗೆದ. ಹಾರೆ ಠಣ್ಣೆಂದಿತು.

ಚಪ್ಪಡಿಯನ್ನು ಕೈಯಲ್ಲೇ ಒರೆಸಿ ಅದರ ಮೇಲೆ ನಿಂತ. ಗುಂಡಿ ಅವನ ಮೊಣಕಾಲಿಗೆ ಬಂತು.

"ಮೇಲಕ್ ಬಾರ್ಲಾ ಕುಳ್ಳ," ಎಂದ ಲಿಂಗಣ್ಣ. ದನಿ ಮೊದಲಿನದಲ್ಲ.

ಕುಳ್ಳಯ್ಯ ನೆಟ್ಟಗೆ ನಿಂತು ಪಕ್ಕದ ಕಂಬಕ್ಕೆ ಎದೆ ತಾಗಿಸಿದ. ಹಿಂದೆ ಎಷ್ಟೋ ವರ್ಷ ಕೋಡಿ ಮಟ್ಟಕ್ಕೆ ನೀರು ನಿಂತು ಕಟ್ಟಿದ ಪಾಚಿಯ ಗೆರೆ ಕಂಬದ ಮೇಲೆ ಒಣಗಿ ಕಪ್ಪಾಗಿತ್ತು. ಅದು ಸರಿಯಾಗಿ ಅವನ ಎದೆಗೆ ಬಂತು. ಅದರ ಮೇಲೆ ಅಂಗೈ ಇಟ್ಟ.

"ಕೋಡಿ ಬಿದ್ ದಿನ್ವೇ ಎದೆಗ್ ಬಂದಿತ್ತು ಕಣಣ್ಣ," ಎಂದ. "ಒಂದ್ ಮೂಟೇನೂ ಬೇಕಿರ್ನಿಲ್ಲ. ಅವ್ಳ ಭತ್ತ ಅವತ್ತೇ ಬಂದಿತ್ತು."

ತಿಮ್ಮೇಶ ಗುಂಡಿಗಿಳಿದು ಅವನ ಕೈಯಿಂದ ಹಾರೆ ತೆಗೆದುಕೊಂಡ.