ಕಮಾನು ಕೂರಿಸಲು ಹೊರಟ ಹೆಂಗಸರು

ಆ ವರ್ಷ ಅಪ್ಪನ ಟ್ಯಾಕ್ಸಿ ಸರ್ಕಾರಿ ತಪಾಸಣೆಯಲ್ಲಿ, ಅಂದರೆ ಪಾಸಿಂಗ್‌ನಲ್ಲಿ ಫೇಲಾಯಿತು. ನಾನು ಬಿ.ಎ. ಪಾಸಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ನಮ್ಮ ಮನೆತನದಲ್ಲಿ ಅದಕ್ಕೂ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರೇ ಇಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಈಗಲೂ ಸಂಕೋಚವಿಲ್ಲ. ಮಗಳು ಪಾಸು, ಅಪ್ಪ ನಪಾಸು ಎಂದು ಬೈಕುಲ್ಲಾದ ನಮ್ಮ ಚಾಳಿನಲ್ಲಿ ನಗೆಯೋ ನಗೆ.

ಅಪ್ಪನಿಗೆ ಮಾತ್ರ ನಗು ಬರಲಿಲ್ಲ. ಪಾಸಿಂಗ್ ಸಾಹೇಬರು ಗಾಡಿಯ ಹಿಂಭಾಗವನ್ನು ಎರಡೂ ಕೈಯಿಂದ ಒತ್ತಿ ಬಿಟ್ಟಾಗ ಅದು ಹಳೇ ತೊಟ್ಟಿಲಿನಂತೆ ಕಿರುಗುಟ್ಟುತ್ತ ತೂಗಾಡಿತಂತೆ. ಬಗ್ಗಿ ನೋಡಿದರೆ ಗಾಡಿಯ ಭಾರ ಹೊರುವ ಕಮಾನಿನ ಉಕ್ಕಿನ ಪಟ್ಟಿಗಳು ಕುಸಿದಿವೆ, ಒಂದು ಸೀಳಿದೆ. ಅವನ್ನು ಹಿಡಿದಿಡುವ ಪಿನ್ನು, ಬುಷ್ಷು ಎಲ್ಲ ಸವೆದಿವೆ. ಸೋಮವಾರಕ್ಕೆ ಬದಲಿಸಿ ತಾ, ಅಲ್ಲಿತನಕ ಪ್ಯಾಸೆಂಜರ್ ಹತ್ತಿಸಬೇಡ ಎಂದರು. ಮತ್ತೆ ಫೇಲಾದರೆ ಗಾಡಿ ನಿಲ್ಲಿಸಿ, ಅಪ್ಪ ಮೊದಲಿನಂತೆ ಬೇರೆಯವರ ಟ್ಯಾಕ್ಸಿ ಓಡಿಸಬೇಕು. ಮಾಲೀಕರ ಬೈಗುಳ ತಿಂದೂ ತಿಂದೂ ಕೊನೆಗೆ ತನ್ನದೆಂದು ಮಾಡಿಕೊಂಡ ಗಾಡಿ ಅದು.

ಕಮಾನು ಮುರಿದದ್ದು ಯಾತರಿಂದ ಎಂದು ಚಾಳಿಗೆಲ್ಲ ಗೊತ್ತಿತ್ತು. ವಿಜಾಪುರ ಕಡೆಯ ನಮ್ಮ ಮಂದಿಗೆ ಮುಂಬಯಿಯ ಜೋಳ ಒಗ್ಗದು. ಹಿಟ್ಟಿಗೆ ಜಿಗಿ ಇಲ್ಲ, ತಟ್ಟಿದರೆ ರೊಟ್ಟಿಯ ಅಂಚು ಒಡೆಯುತ್ತದೆ ಎಂದು ಹೆಂಗಸರ ತಕರಾರು. ಹೀಗಾಗಿ ಊರಿನ ಬಿಳಿಜೋಳ ರೈಲಿನಲ್ಲಿ ಬರುತ್ತಿತ್ತು. ಸ್ಟೇಷನ್ನಿನಿಂದ ಚಾಳಿಗೆ ತರುವುದು ಅಪ್ಪನ ಟ್ಯಾಕ್ಸಿ. ಡಿಕ್ಕಿಯಲ್ಲಿ, ಹಿಂದಿನ ಸೀಟಿನಲ್ಲಿ, ಕಾಲಿಡುವ ಜಾಗದಲ್ಲಿ ಚೀಲ ತುಂಬಿ ಒಂದೇ ಖೇಪಿಗೆ ಮುಗಿಸುವುದು ಅಪ್ಪನ ಹಟ. ಏನು ಹೇರುತ್ತೀಯಪ್ಪಾ ಎಂದು ಸಾಹೇಬರು ಕೇಳಿದಾಗ, ದಪ್ಪ ಪ್ಯಾಸೆಂಜರುಗಳು ಸಾಹೇಬ್ ಎಂದು ಹೇಳಿ ಬಂದಿದ್ದ.

ರಸ್ತೆಯಾಚೆಯ ಗ್ಯಾರೇಜಿನ ಚಾಚಾ ಗಾಡಿಯನ್ನು ಜ್ಯಾಕಿನ ಮೇಲೆ ಎತ್ತಿದರು. ತುಕ್ಕು ಹಿಡಿದ ಪಿನ್ನು ಜಪ್ಪಯ್ಯ ಅನ್ನಲಿಲ್ಲ. ಸೀಮೆಎಣ್ಣೆ ಕುಡಿಸಿ, ಸುತ್ತಿಗೆಯಿಂದ ಬಡಿದೂ ಬಡಿದೂ ಹೊರಗೆ ತೆಗೆದರು. ಭಾನುವಾರ ಬೆಳಿಗ್ಗೆ ಹೊಸ ಕಮಾನು, ಹೊಸ ಪಿನ್ನು, ಹೊಸ ಬುಷ್ಷು ಹಾಕಿ ಜ್ಯಾಕು ಇಳಿಸಿದರೆ, ಗಾಡಿ ನೆಲ ಮೂಸುವ ಹೋತದಂತೆ ಹಿಂಭಾಗ ಎತ್ತಿ ನಿಂತಿತು! ಹೊಸ ಕಮಾನು ಹಾಗೇ, ಐದಾರು ಮಂದಿಯ ಭಾರ ಹಾಕಿ ದೂರ ಓಡಿಸಿ ತಾ, ಕೂರುತ್ತದೆ, ಆಮೇಲೆ ನಟ್ಟು ಬಿಗಿ ಮಾಡುತ್ತೇನೆ ಎಂದರು ಚಾಚಾ.

ಪ್ಯಾಸೆಂಜರ್ ಹತ್ತಿಸುವಂತಿಲ್ಲವಲ್ಲ ಎಂದು ಅಪ್ಪ ತಲೆ ಕೆರೆದುಕೊಂಡ. ಪ್ಯಾಸೆಂಜರ್ ಅಂದರೆ ಬಾಡಿಗೆ ಕೊಡುವವರು, ಚಾಳಿನ ಹೆಂಗಸರು ಬರೀ ಭಾರ ಎಂದು ನಾನು ವಾದ ಹೂಡಿದೆ.

"ಇದಕ್ಕs ನೋಡು ನಿನ್ನ ಬಿ.ಎ. ಓದ್ಸಿದ್ದು," ಅಂದ ಅಪ್ಪ.

ಬಾಡಿಗೆಯ ಸೀಟು ಲಕ್ಷ್ಮೀದು, ಮನೆಮಂದಿ ಕೂರುವ ಜಾಗವಲ್ಲ ಎಂಬುದು ಅಪ್ಪನ ನೇಮ. ಅಷ್ಟು ವರ್ಷ ನನ್ನ ಅವ್ವ ಕೂಡ ಅದರಲ್ಲಿ ಕೂತಿರಲಿಲ್ಲ. ಸುದ್ದಿ ಹೋದದ್ದೇ ತಡ, ಇಳಕಲ್ ಸೀರೆಗಳು ಟ್ರಂಕಿನಿಂದ ಹೊರಬಿದ್ದವು. ಪಕ್ಕದ ಖೋಲಿಯ ಕಾಕಿ ಮೈಕೈ ತುಂಬಿಕೊಂಡವರು. ಮುಂದೆ ಕೂರಿ ಎಂದರೆ ಕೇಳಲಿಲ್ಲ.

"ನನ್ನ ಹಿಂದ ಕೂಡಸ್ರಿ ಅಣ್ಣಾ, ಕಮಾನು ಹಿಂದೈತಿ. ನಮ್ಮ ರೊಟ್ಟಿ ಅದನ್ನ ಮುರದಾವು, ನಮ್ಮ ಮೈಯರs ಕೂಡಸ್ಲಿ."

ಗೋರೆಗಾಂವ್‌ವರೆಗೆ ಹೋದೆವು. ಆಗ ಅಲ್ಲಿ ಹೊಲ, ಗುಡ್ಡ, ಎಮ್ಮೆ. ಜನ್ಮವಿಡೀ ಗುಂಡಿ ತಪ್ಪಿಸಿ ಓಡಿಸಿದ ಅಪ್ಪ ಅಂದು ಗುಂಡಿ ಹುಡುಕಿ ಹುಡುಕಿ ಇಳಿಸಿದ. ಪ್ರತಿ ಗುಂಡಿಗೂ ಹಿಂದಿನ ಸೀಟಿನಲ್ಲಿ ಅಯ್ಯಯ್ಯೋ, ಆಮೇಲೆ ನಗು. ಅವ್ವ ಮಾತ್ರ ಕಿಟಕಿಯ ಪಟ್ಟಿ ಹಿಡಿದು ಹೊರಗೆ ನೋಡುತ್ತಿದ್ದಳು. ಸಂಜೆ ಚಾಚಾ ನಟ್ಟು ಬಿಗಿದರು. ಗಾಡಿ ಸಮ ನಿಂತಿತ್ತು.

ಸೋಮವಾರ ಪಾಸಿಂಗ್‌ಗೆ ಅಪ್ಪನ ಜೊತೆ ನಾನೂ ಹೋದೆ. ಗೇಟಿನ ಪೋಲೀಸನಿಗೆ, ಚಹದವನಿಗೆ, ಕ್ಯೂನಲ್ಲಿದ್ದ ಡ್ರೈವರುಗಳಿಗೆಲ್ಲ, ನನ್ನ ಮಗಳು, ಬಿ.ಎ. ಆಗಿದ್ದಾಳೆ ಎಂದು ಹೇಳುತ್ತಲೇ ಇದ್ದ. ನಮ್ಮ ಪಾಳಿ ಬಂತು. ಸಾಹೇಬರು ಹಿಂಭಾಗ ಒತ್ತಿ ಬಿಟ್ಟರು. ಗಾಡಿ ಒಮ್ಮೆ ಕೆಳಗೆ ಹೋಗಿ, ಸದ್ದಿಲ್ಲದೆ ಮೇಲೆ ಬಂದು ನಿಂತಿತು. ಇನ್ನೊಮ್ಮೆ ಒತ್ತಿದರು. ಟಾರ್ಚು ಹಿಡಿದು ಕೆಳಗೆ ಬಗ್ಗಿದರು. ಎದ್ದವರು ಕೈ ಒರೆಸಿಕೊಂಡು ಕಾಗದಕ್ಕೆ ಠಸ್ಸೆ ಒತ್ತಿದರು.

ಗೇಟು ದಾಟುವಷ್ಟರಲ್ಲಿ ಸೂಟ್‌ಕೇಸ್ ಹಿಡಿದ ಒಬ್ಬರು ಕೈ ಮಾಡಿದರು, ಬೋರಿಬಂದರ್‌ಗೆ. ಅಪ್ಪ ಆಗಲೇ ಇಳಿದು ಹಿಂದಿನ ಬಾಗಿಲು ತೆರೆದಿದ್ದ. ಆಮೇಲೆ ನಾನಿರುವುದು ನೆನಪಾಗಿ, ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

"ನೀ ಟ್ರಾಮಿನಾಗ ಬಾರವ್ವಾ."

ನಾನು ಇಳಿದೆ. ಅಪ್ಪ ಮೀಟರ್ ತಿರುಗಿಸಿ, ಹಿಂದಿರುಗಿ ನೋಡದೆ ಹೋದ. ಟ್ರಾಮಿನಲ್ಲಿ ಕೂರಲು ಜಾಗ ಸಿಗಲಿಲ್ಲ. ನಗುತ್ತ ನಿಂತೇ ಬಂದೆ.